ಕಾಫಿ ಕೊಯ್ಲಿನ ಹೊತ್ತಿಗೆ ಬರುವ ಮಕ್ಕಳು

ಕೊಡಗಿನ ಸಿದ್ದಾಪುರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್. ನಮ್ಮಲ್ಲಿ ಮಕ್ಕಳು ಸೇರುವ ಕಾಲ ಎರಡು. ಜೂನ್ ತಿಂಗಳದ್ದು ಎಲ್ಲ ಕಡೆ ಇದ್ದದ್ದೇ. ಇನ್ನೊಂದು ಡಿಸೆಂಬರ್, ಜನವರಿಯಲ್ಲಿ, ರೊಬಸ್ಟಾ ಕಾಫಿ ಹಣ್ಣಾಗುವ ಹೊತ್ತಿಗೆ. ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಜನ ಬಂದು ಎಸ್ಟೇಟಿನ ಲೈನ್ ಮನೆಗಳು, ಅಂದರೆ ಕೆಲಸಗಾರರ ಸಾಲು ಮನೆಗಳು, ತುಂಬುತ್ತವೆ. ಬೆಳಗ್ಗೆ ಅಪ್ಪ ಅಮ್ಮ ತೋಟಕ್ಕೆ ಹೋದ ಮೇಲೆ ಮಕ್ಕಳು ಲೈನಿನಲ್ಲೇ ಉಳಿಯುತ್ತಾರೆ. ದೊಡ್ಡ ಹುಡುಗಿ ಇದ್ದರೆ ಅವಳ ಸೊಂಟದ ಮೇಲೆ ತಮ್ಮನೋ ತಂಗಿಯೋ ಇರುತ್ತಾರೆ.

ಈ ಮಕ್ಕಳು ಬಂದ ವಾರವೇ ಶಾಲೆಗೆ ಸೇರಬಹುದು. ಇದೊಂದನ್ನು ಹೇಳೋಕೇ ಇಷ್ಟು ಬರೆಯುತ್ತಿದ್ದೇನೆ.

"ವರ್ಷದ ಮಧ್ಯೆ ಯಾರು ಸೇರಿಸ್ಕೊಳ್ತಾರೆ?", "ಟಿಸಿ ತಂದಿಲ್ಲ", "ಬರ್ತ್ ಸರ್ಟಿಫಿಕೇಟ್ ಊರಲ್ಲೇ ಇದೆ." ಈ ಮಾತುಗಳನ್ನು ಪ್ರತಿ ಕೊಯ್ಲಿನಲ್ಲೂ ಕೇಳುತ್ತೇನೆ. ಅಪ್ಪ ಅಮ್ಮಂದಿರು ಮಾತ್ರ ಅಲ್ಲ, ತೋಟದ ಲೆಕ್ಕ ಬರೆಯುವ ರೈಟರುಗಳೂ ಹೀಗೇ ಅಂದುಕೊಂಡಿದ್ದಾರೆ. ಆದರೆ 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಈ ಮೂರಕ್ಕೂ ಉತ್ತರ ಇದೆ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಟಿಸಿ ತಡವಾಯಿತು ಅಂತಲೂ ಕಳಿಸುವ ಹಾಗಿಲ್ಲ. ದಾಖಲಾತಿಯ ಅವಧಿ ಮುಗಿದ ಮೇಲೆ ಬಂದರೂ ಸೇರಿಸಿಕೊಳ್ಳಲೇಬೇಕು. ಒಂದು ದಿನವೂ ಶಾಲೆಗೆ ಹೋಗದ ಹತ್ತು ವರ್ಷದ ಮಗುವನ್ನು ಒಂದನೇ ಕ್ಲಾಸಿಗೆ ಹಾಕುವುದಲ್ಲ. ಅದರ ವಯಸ್ಸಿನ ಮಕ್ಕಳ ಜೊತೆ ಕೂರಿಸಿ, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು.

ಕಳೆದ ಕೊಯ್ಲಿನಲ್ಲಿ ಒಬ್ಬ ಹುಡುಗಿ ಬಂದಳು. ಅವಳಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ಕಾರ್ಡುಗಳು. ಗಂಡ, ಹೆಂಡತಿ, ಮೂರು ಮಕ್ಕಳು, ಎಲ್ಲರ ಹುಟ್ಟಿದ ದಿನವೂ ಜನವರಿ 1. ಈ ಕೆಲಸದಲ್ಲಿ ಇರುವವರಿಗೆ ಇದು ಹೊಸದಲ್ಲ. ಹುಟ್ಟಿದ ತಾರೀಖು ಯಾರ ನೆನಪಲ್ಲೂ ಇಲ್ಲದಿದ್ದಾಗ ಹಾಗೆ ಬರೆದುಬಿಡುತ್ತಾರೆ. ಹುಡುಗಿಯ ಹಲ್ಲು, ಎತ್ತರ ನೋಡಿ, ಅವಳು ಹುಟ್ಟಿದಾಗ ಭತ್ತದ ಕೊಯ್ಲೋ ಮಳೆಗಾಲವೋ ಅಂತ ಅಪ್ಪನನ್ನು ಕೇಳಿ, ಅವರ ಹೇಳಿಕೆ ಬರೆಸಿಕೊಂಡು ನಾಲ್ಕನೇ ತರಗತಿಗೆ ಸೇರಿಸಿದೆವು. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಒಂದರಿಂದ ಎಂಟರವರೆಗಿನ ಎಣಿಕೆಯನ್ನು ಅವಳು ಕಲಿತದ್ದು ನನ್ನಿಂದಲ್ಲ, ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಾ.

ಇಲ್ಲಿ ಒಂದು ತೊಡಕಿದೆ. ಸಮವಸ್ತ್ರ, ಪಠ್ಯಪುಸ್ತಕ, ಶೂ ಎಲ್ಲ ಸರ್ಕಾರದಿಂದ ಉಚಿತ. ಆದರೆ ಅವುಗಳ ಲೆಕ್ಕ ಮೊದಲೇ ಹೋಗಿರುತ್ತದೆ. ಡಿಸೆಂಬರಿನಲ್ಲಿ ಬಂದ ಮಗುವಿನ ಪಾಲಿಗೆ ಕಪಾಟಿನಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೇ ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ತಕ್ಷಣ ನಾವು ಹಳೇ ಪುಸ್ತಕ ವಾಪಸ್ ತೆಗೆದುಕೊಂಡು ಇಡುತ್ತೇವೆ. ಗಿಡ್ಡವಾದ ಯೂನಿಫಾರ್ಮನ್ನೂ ಅಷ್ಟೇ, ಒಗೆದು ತಂದುಕೊಡಿ ಅಂತ ಕೇಳುತ್ತೇವೆ. ಬಣ್ಣದ ಫ್ರಾಕ್ ಹಾಕಿಕೊಂಡು ಪ್ರಾರ್ಥನೆ ಸಾಲಿನ ಕೊನೆಯಲ್ಲಿ ನಿಲ್ಲುವ ಮಗು ನಾಲ್ಕು ದಿನದಲ್ಲಿ ಬರುವುದನ್ನೇ ಬಿಡುತ್ತದೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಊಟದ ವಿಷಯಕ್ಕೆ ಬಂದರೆ, ಯಾವ ಮನೆಯಲ್ಲಿ ಕಷ್ಟ ಇದೆ ಅಂತ ನಮಗಿಂತ ಮೊದಲು ಗೊತ್ತಾಗುವುದು ಅಡುಗೆ ಅಕ್ಕನಿಗೆ. ಸೋಮವಾರ ಅವರು ಅಕ್ಕಿ ಒಂದು ಹಿಡಿ ಜಾಸ್ತಿ ಹಾಕುತ್ತಾರೆ. ಭಾನುವಾರ ಸರಿಯಾಗಿ ಉಣ್ಣದ ಮಕ್ಕಳು ಸೋಮವಾರ ಮೂರು ಸಲ ತಟ್ಟೆ ಚಾಚುತ್ತಾರೆ. ಸೌಟು ಹಿಡಿದುಕೊಂಡೇ ಅವರು ನನ್ನ ಕಡೆ ನೋಡಿ ಹುಬ್ಬು ಏರಿಸುತ್ತಾರೆ, ನಾನು ಸಂಜೆ ಆ ಮನೆಗೆ ಹೋಗುತ್ತೇನೆ. ಎಷ್ಟೋ ಸಲ ಅಮ್ಮ ಜ್ವರದಿಂದ ಮಲಗಿರುತ್ತಾಳೆ, ಇಲ್ಲವೇ ಬಟವಾಡೆ ಆಗಿರುವುದಿಲ್ಲ. 2013ರಿಂದ ಕ್ಷೀರಭಾಗ್ಯದ ಹಾಲು ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಮೊಟ್ಟೆ ವಾರಕ್ಕೆ 6 ದಿನಕ್ಕೆ ಏರಿತು. ಮೊಟ್ಟೆಯ ಅರ್ಧ ತಿಂದು, ಇನ್ನರ್ಧವನ್ನು ಮನೆಯಲ್ಲಿರುವ ತಂಗಿಗೆ ಅಂತ ಮುಷ್ಟಿಯಲ್ಲಿ ಹಿಡಿದುಕೊಂಡು ಹೋಗುವವರಿದ್ದಾರೆ. ಅವರಿಗೆ ನಾನು ಬೇಡ ಅನ್ನುವುದಿಲ್ಲ.

ನನಗೆ ಹೆಚ್ಚು ಚಿಂತೆ ಮಳೆಗಾಲದ್ದು. ಜುಲೈ, ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಮಳೆ ರಜೆ ಸಾಮಾನ್ಯ. ರಜೆ ಕೊಡಲೇಬೇಕು, ಹೊಳೆ ದಾಟಿ ಬರುವ ಮಕ್ಕಳಿದ್ದಾರೆ, 2018ರ ಭೂಕುಸಿತ ಯಾರೂ ಮರೆತಿಲ್ಲ. ಆದರೆ ರಜೆ ಅಂದರೆ ಬಿಸಿಯೂಟವೂ ಇಲ್ಲ. ಜೋರು ಮಳೆಗೆ ತೋಟದ ಕೆಲಸವೂ ನಿಲ್ಲುತ್ತದೆ. ಕೂಲಿ ಇಲ್ಲದ ದಿನವೇ ಮಗುವಿನ ಊಟವೂ ತಪ್ಪುತ್ತದೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳ ಪಾಲಿನ ಅಕ್ಕಿ, ಬೇಳೆಯನ್ನು ಮನೆಗೇ ಕೊಟ್ಟಿದ್ದೆವಲ್ಲ, ಕೊಡಗಿನ ಮಳೆ ರಜೆಗೂ ಅದೇ ವ್ಯವಸ್ಥೆ ಆಗಬೇಕು. ಪಂಚಾಯತಿ ಸಭೆಯಲ್ಲಿ ಇದನ್ನು ಹೇಳಿದ್ದೇನೆ, ಮತ್ತೆ ಮತ್ತೆ ಹೇಳುತ್ತೇನೆ.

ಸ್ಕಾಲರ್‌ಶಿಪ್ ಕಥೆ ಬೇರೆ. ಹಣ ಇದೆ, ಅದು ಮಗುವಿನ ಹೆಸರಲ್ಲೇ ಇದೆ. ಸುಮ್ನೆ ಒಂದಕ್ಷರಕ್ಕೆ ನಿಲ್ಲುತ್ತದೆ. ಹಾಡಿಯಲ್ಲಿರುವ (ಬುಡಕಟ್ಟು ಜನರ ಕೇರಿ) ಎರವ ಬುಡಕಟ್ಟಿನ ಹುಡುಗನ ಹೆಸರು ಆಧಾರ್‌ನಲ್ಲಿ ಒಂದು ಥರ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಥರ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಜಾತಿ, ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಕೊಯ್ಲಿನಲ್ಲಿ ಕೂಲಿ ಸಿಗುವುದು ಕಿಲೋ ಲೆಕ್ಕದಲ್ಲಿ. ಒಂದು ದಿನ ಕಚೇರಿಯ ಬಾಗಿಲಲ್ಲಿ ನಿಂತರೆ ಆ ದಿನದ ಹಣ್ಣಿನ ದುಡ್ಡು ಹೋಯಿತು. ಹಾಗಾಗಿ ತೋಟಕ್ಕೆ ರಜೆ ಇರುವ ಸಂತೆ ದಿನ ಶಾಲೆಯ ಬಾಗಿಲು ತೆಗೆದು ಫಾರ್ಮ್ ತುಂಬಿಸುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಎಸ್‌ಡಿಎಂಸಿಯ (ಪೋಷಕರಿರುವ ಶಾಲಾ ಸಮಿತಿ) ಒಬ್ಬ ತಾಯಿ ಮೊಬೈಲ್ ಹಿಡಿದು ಒಟಿಪಿ ನೋಡಿ ಹೇಳುತ್ತಾರೆ. ಸಂತೆಗೆ ಹೊರಟವರು ಚೀಲ ಮೂಲೆಯಲ್ಲಿಟ್ಟು ಸರದಿಗೆ ಕೂರುತ್ತಾರೆ. ಕಚೇರಿಗೆ ಹೋಗಲು ಹಿಂಜರಿಯುವವರೂ ಇಲ್ಲಿಗೆ ಬರುತ್ತಾರೆ, ಮಗುವಿನ ಶಾಲೆ ಅಲ್ವಾ.

ಇನ್ನು ತೋಟದ ಮಾಲೀಕರ ವಿಷಯ. 50 ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳು ಇರುವ ತೋಟದಲ್ಲಿ ಶಿಶುವಿಹಾರ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ನಮ್ಮ ಸುತ್ತಮುತ್ತ ಇರುವುದು ಹೆಚ್ಚಾಗಿ ಸಣ್ಣ ತೋಟಗಳು, ಅವು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೂ ನಾಲ್ಕು ತೋಟದವರು ಸೇರಿ ಒಬ್ಬ ಹೆಂಗಸಿಗೆ ಸಂಬಳ ಕೊಟ್ಟು ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಟು ಮಾಡಬಹುದು. ಆಗ ಅಕ್ಕಂದಿರು ಶಾಲೆಗೆ ಬರುತ್ತಾರೆ. ನಮ್ಮ ಹಾಜರಿ ಪುಸ್ತಕದಲ್ಲಿ ಜಾಸ್ತಿ ಗೈರು ಇರುವುದು ಮನೆಯಲ್ಲಿ ಕೂಸು ಇರುವ ಹುಡುಗಿಯರದ್ದೇ.

ಆನೆ ಓಡಾಡುವ ದಾರಿ ಇದ್ದರೆ ಮಕ್ಕಳನ್ನು ಬೆಳಗ್ಗೆ ಜೀಪಿನಲ್ಲಿ ಗೇಟಿನವರೆಗೆ ಬಿಡಿ. ಮಗು ಶಾಲೆ ಬಿಟ್ಟು ಕೆಲಸಕ್ಕೆ ಹೋಗುತ್ತಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈನಿಗೆ ಹೊಸ ಕುಟುಂಬ ಬಂದ ದಿನವೇ ರೈಟರು ಹತ್ತಿರದ ಶಾಲೆಗೆ ಒಂದು ಮೆಸೇಜ್ ಹಾಕಲಿ: ಮಕ್ಕಳು ಎಷ್ಟು, ವಯಸ್ಸು ಎಷ್ಟು, ಯಾವ ಭಾಷೆ. ಉಳಿದದ್ದು ನಮ್ಮ ಕೆಲಸ. ಈ ಸಲ ಕೊಯ್ಲಿಗೆ ಮುಂಚೆ ನಮಗೆ ಬೇಕಿರುವುದು ಆರರಿಂದ ಹತ್ತು ವರ್ಷದವರ ಸ್ವೆಟರ್, ಹಿಂದಿ ಅಥವಾ ಬಂಗಾಳಿ ಬಲ್ಲ ಯಾರಾದರೂ ಸಂಜೆ ಒಂದು ಗಂಟೆ. ಪಕ್ಕದ ಶಾಲೆಯವರನ್ನೂ ಕೇಳಿ ನೋಡಿ, ಅವರಿಗೂ ಬೇಕಿರಬಹುದು.