ನಾಲ್ಕನೇ ಸಾಲು ಬಿದ್ದರೆ ಮೊದಲ ಮೂರರ ಗತಿ ಏನು?

ಕೊನೆಗೂ ರೋಲ್‌ಬ್ಯಾಕ್ (ಮಾಡಿದ ಬದಲಾವಣೆಯನ್ನು ವಾಪಸ್ ತೆಗೆಯುವುದು) ದಾರಿಗೆ ಬಂತು! ಬಿ-ಟ್ರೀ (ಸಾಲುಗಳನ್ನು ಕೀ ಕ್ರಮದಲ್ಲಿ ಪೇಜುಗಳಲ್ಲಿ ಜೋಡಿಸಿಡುವ ಮರ), ಬಫರ್ ಪೂಲ್ (ಪೇಜುಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಕಥೆ ಬಿಡಿ, ಅದೆಲ್ಲ ಮುಗಿದದ್ದೇ. ನನ್ನ ಆಟಿಕೆ ಸ್ಟೋರೇಜ್ ಎಂಜಿನ್ (ಡೇಟಾಬೇಸಿನಲ್ಲಿ ಡೇಟಾ ಇಟ್ಟು ತೆಗೆಯುವ ಭಾಗ) ಸತಾಯಿಸಿದ್ದು ಒಂದೇ ಕಡೆ. ಒಂದು ಇನ್ಸರ್ಟ್‌ನಲ್ಲಿ ಟೇಬಲ್‌ಗೆ ಐದು ಸಾಲು, ನಾಲ್ಕನೆಯದರಲ್ಲಿ ಡೂಪ್ಲಿಕೇಟ್ ಕೀ, ಅಂದರೆ ಟೇಬಲ್‌ನಲ್ಲಿ ಆಗಲೇ ಇರುವ ಗುರುತು.

ಮೈಎಸ್‌ಕ್ಯುಎಲ್ ಡೇಟಾಬೇಸಿನ ಹಳೇ ಎಂಜಿನ್ ಮೈಐಸ್ಯಾಮ್ ಆದರೆ ಮೊದಲ ಮೂರನ್ನು ಹಾಗೇ ಉಳಿಸಿ, ಎರರ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅದರದೇ ಇನ್ನೊಂದು ಎಂಜಿನ್ ಇನ್ನೊಡಿಬಿ, ಅಂಡೂ ಲಾಗ್ (ಮಾಡಿದ್ದನ್ನು ಅಳಿಸಲು ಬರೆದಿಟ್ಟ ದಾಖಲೆ) ಹಿಡಿದು ಆ ಸ್ಟೇಟ್‌ಮೆಂಟನ್ನಷ್ಟೇ ಅಳಿಸುತ್ತದೆ, ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯಬೇಕಾದ ಸ್ಟೇಟ್‌ಮೆಂಟುಗಳ ಗುಂಪು) ಮುಂದುವರಿಯುತ್ತದೆ. ಇನ್ನೊಂದು ಡೇಟಾಬೇಸ್ ಪೋಸ್ಟ್‌ಗ್ರೆಸ್ ಮುನಿಸಿಕೊಂಡರೆ ಮುಗೀತು: ರೋಲ್‌ಬ್ಯಾಕ್ ಮಾಡುವ ತನಕ, ಇಲ್ಲವೇ ನಡುವೆ ಗುರುತಿಟ್ಟ ಸೇವ್‌ಪಾಯಿಂಟ್‌ಗೆ ಮರಳುವ ತನಕ, ಯಾವ ಕ್ವೆರಿಗೂ ಸೊಪ್ಪು ಹಾಕುವುದಿಲ್ಲ. ನಾನು ಹಿಡಿದದ್ದು ಇನ್ನೊಡಿಬಿ ದಾರಿ.

ಅಲ್ಲಿಂದ ಶುರು ತಲೆನೋವು. ಅಂಡೂ ರೆಕಾರ್ಡಿನಲ್ಲಿ ಪೇಜ್ ನಂಬರ್, ಆ ಪೇಜಿನೊಳಗಿನ ಜಾಗದ ಸ್ಲಾಟ್ ನಂಬರ್ ಬರೆದಿಡುತ್ತಿದ್ದೆ. ಮೊದಲ ಸಾಲು ಪೇಜ್ 7, ಸ್ಲಾಟ್ 12ರಲ್ಲಿ ಕೂತಿತು. ಮೂರನೇ ಸಾಲು ಬಂದಾಗ ಪೇಜ್ ತುಂಬಿ ಎರಡಾಗಿ ಸ್ಪ್ಲಿಟ್ ಆಯಿತು, ಮೊದಲನೆಯದು ಪಕ್ಕದ ಪೇಜಿಗೆ ಗುಳೆ ಹೋಯಿತು. ನಾಲ್ಕನೆಯದು ಸೋತಾಗ ಅಂಡೂ ಹಳೇ ವಿಳಾಸಕ್ಕೇ ಹೋಗಿ, ಅಲ್ಲಿ ಈಗ ಕೂತಿದ್ದ ಯಾವುದೋ ಬಡಪಾಯಿ ಸಾಲನ್ನು ಕಿತ್ತುಹಾಕುತ್ತಿತ್ತು! ಸಣ್ಣ ಟೇಬಲ್‌ನಲ್ಲಿ ಸ್ಪ್ಲಿಟ್ಟೇ ಆಗುವುದಿಲ್ಲ, ಹಾಗಾಗಿ ಟೆಸ್ಟ್‌ಗಳೆಲ್ಲ ಹಸಿರೋ ಹಸಿರು.

ಮದ್ದು ಸರಳ. ವಿಳಾಸದ ಬದಲು ಕೀ ಬರೆದಿಡುವುದು, ಅಂಡೂ ವೇಳೆ ಬಿ-ಟ್ರೀಯ ರೂಟ್‌ನಿಂದ ಮತ್ತೆ ಇಳಿದು ಹುಡುಕಿ ತೆಗೆಯುವುದು. ಸ್ಪ್ಲಿಟ್ ಹಾಗೇ ಇರಲಿ, ಅದರಿಂದ ಯಾರಿಗೂ ತೊಂದರೆಯಿಲ್ಲ. ಡೇಟಾಬೇಸ್ ರಿಕವರಿ ಬಗೆಗಿನ 1992ರ ಏರೀಸ್ ಪ್ರಬಂಧದಲ್ಲೂ ಲಾಜಿಕಲ್ ಅಂಡೂ ಅಂತ ಇರುವುದು ಇದೇ. ಜೊತೆಗೆ ಇನ್ನೊಂದು ಕಿರಿಕಿರಿ: ಡೂಪ್ಲಿಕೇಟ್ ಸಿಕ್ಕಿದ್ದು ಸೆಕೆಂಡರಿ ಯುನೀಕ್ ಇಂಡೆಕ್ಸ್‌ನಲ್ಲಾದರೆ (ಬೇರೆ ಕಾಲಂನಲ್ಲಿ ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ಸೂಚಿ), ಅಷ್ಟರಲ್ಲಿ ನಾಲ್ಕನೇ ಸಾಲೂ ಮುಖ್ಯ ಇಂಡೆಕ್ಸ್ ಆದ ಪ್ರೈಮರಿಗೆ ಸೇರಿಬಿಟ್ಟಿರುತ್ತದೆ. ಹಿಂದಿನ ಮೂರಕ್ಕಿಂತ ಮೊದಲು ಆ ಅರ್ಧಂಬರ್ಧವನ್ನು ತೆಗೆಯಬೇಕು.

ಸಾಲಿಗೆ ತಾನಾಗಿ ಸಿಗುವ ಆಟೋ-ಇನ್ಕ್ರಿಮೆಂಟ್ ನಂಬರ್ ಮಾತ್ರ ವಾಪಸ್ ಪಡೆಯುತ್ತಿಲ್ಲ. ಇನ್ನೊಡಿಬಿಯೂ ಪಡೆಯುವುದಿಲ್ಲ, ಅಷ್ಟರಲ್ಲಿ ಇನ್ನೊಂದು ಟ್ರಾನ್ಸಾಕ್ಷನ್ ಮುಂದಿನ ನಂಬರ್ ಎತ್ತಿಕೊಂಡಿರಬಹುದು. ನಡುವೆ ಖಾಲಿ ಬಿದ್ದರೆ ಬೀಳಲಿ.

ಕ್ರ್ಯಾಶ್ ಟೆಸ್ಟ್ (ನಡುವೆ ಕರೆಂಟ್ ಕಿತ್ತು ನೋಡುವುದು) ಇನ್ನೂ ಬಾಕಿ. ಪವರ್ ಲಾಸ್ ಪ್ರೊಟೆಕ್ಷನ್ ಇದೆ ಅಂತ ಆಣೆ ಹಾಕಿ ಮಾರಿದ ಎಸ್‌ಎಸ್‌ಡಿಯನ್ನು ಬಿಚ್ಚಿ ನೋಡಿದರೆ, ಕರೆಂಟ್ ಹೋದಾಗ ಡೇಟಾ ಉಳಿಸಬೇಕಾದ ಕೆಪಾಸಿಟರ್ ಜಾಗ ಖಾಲಿ. ಮಾರಿದವರು ಫೋನ್ ಎತ್ತುತ್ತಿಲ್ಲ.

ಅದು ಬದಲಾಗಿ ಬರುವಷ್ಟರಲ್ಲಿ ಎಲ್‌ಎಸ್‌ಎಂ ಟ್ರೀಗೆ (ಸಾಲುಗಳನ್ನು ಮೊದಲು ಮೆಮೊರಿಯಲ್ಲಿ ಕೂಡಿಟ್ಟು ಆಮೇಲೆ ಡಿಸ್ಕ್‌ಗೆ ಇಳಿಸುವ ರಚನೆ) ಕೈಹಾಕುವ ಆಸೆ. ಐದೂ ಸಾಲನ್ನು ಬ್ಯಾಚ್‌ನಲ್ಲಿ ಪರೀಕ್ಷಿಸಿ, ಎಲ್ಲ ಪಾಸಾದರಷ್ಟೇ ಆ ಮೆಮೊರಿ ಭಾಗವಾದ ಮೆಮ್‌ಟೇಬಲ್‌ಗೆ ಬಿಟ್ಟರೆ ಅಂಡೂ ಗೋಜೇ ಇಲ್ಲ. ಆದರೆ ಯುನೀಕ್ ಹೌದೋ ಅಲ್ಲವೋ ನೋಡಲು ಪ್ರತಿ ಸಾಲಿಗೂ ಒಂದು ರೀಡ್ ಬೇಕು. ಕೀ ಖಂಡಿತ ಇಲ್ಲ ಅಂತ ಡಿಸ್ಕ್ ಓದದೆಯೇ ಹೇಳಬಲ್ಲ ಬ್ಲೂಮ್ ಫಿಲ್ಟರ್ ಎಷ್ಟು ಉಳಿಸುತ್ತದೋ, ಅಳೆದೇ ನೋಡಬೇಕು.