ಕಂಗರೂ ಪಟ್ಟಿ: ಕೊನೆಗೂ ಜಾರೋದು ನಿಂತಿದೆ

ಕಮ್ಮಿ ತೂಕದ ಕೂಸನ್ನ ಎದೆಗೆ ಕಟ್ಕೊಳ್ಳೋ ಬಟ್ಟೆ ಪಟ್ಟಿ ಹೊಲಿತಿದೀನಿ, ಅದೇ ಕಂಗರೂ ಪಟ್ಟಿ. ಕಟಿಂಗ್, ಓವರ್‌ಲಾಕ್, ಬಾಲ್ ಪಾಯಿಂಟ್ ಸೂಜಿ ಇದೆಲ್ಲಾ ಇಲ್ಲಿರೋ ಹೊಲಿಗೆಯವರಿಗೆ ಗೊತ್ತಿರೋದೇ, ಬಿಟ್ಬಿಡ್ತೀನಿ. ಇಷ್ಟು ದಿನ ತಲೆ ತಿಂದಿದ್ದು ಒಂದೇ ವಿಷಯ, ಮಗು ಕೆಳಗೆ ಜಾರೋದು.

ಎರಡೂವರೆ ಕೆಜಿಗಿಂತ ಕಮ್ಮಿ ತೂಕದ ಕೂಸನ್ನ ಅಮ್ಮನ ಬರೀ ಎದೆಗೆ ಆನಿಸಿ ಕಟ್ಕೊಳ್ಳೋ ಈ ಕಂಗರೂ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಓ) ದಿನಕ್ಕೆ 8ರಿಂದ 24 ಗಂಟೆ ಮಾಡಿ ಅಂತು. ಅಷ್ಟು ಹೊತ್ತು ಸೆರಗಲ್ಲಿ ಹಿಡ್ಕೊಂಡಿರೋಕೆ ಆಗತ್ತಾ? ಪಾವಗಡದ ಬಿಸಿಲಲ್ಲಿ ಯಾವ ಚಳಿ ಅಂತಾರೆ ಜನ, ಆದ್ರೆ ಕಮ್ಮಿ ತೂಕದ ಕೂಸಿಗೆ ಮೈಯಲ್ಲಿ ಕೊಬ್ಬೇ ಇರಲ್ಲ, ಫ್ಯಾನ್ ಗಾಳಿಗೇ ಮೈ ತಣ್ಣಗಾಗತ್ತೆ, ಮೈ ಕಾಯಿಸ್ಕೊಳ್ಳೋಕೆ ರಕ್ತದಲ್ಲಿರೋ ಸಕ್ಕರೆ ಆಕ್ಸಿಜನ್ ಎಲ್ಲಾ ಖರ್ಚಾಗತ್ತೆ. 2020ರ ಎಸ್‌ಆರ್‌ಎಸ್ (ಸರ್ಕಾರದ ಜನನ ಮರಣ ಸಮೀಕ್ಷೆ) ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಹುಟ್ಟಿದ ಸಾವಿರಕ್ಕೆ 19 ಕೂಸು ವರ್ಷ ತುಂಬೋ ಮುಂಚೆ ಹೋದ್ವು, ಹೆಚ್ಚಿನವು ಮೊದಲನೇ ತಿಂಗಳಲ್ಲೇ.

ಪಟ್ಟಿ ಜಾರಿದ್ರೆ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಮಡಚ್ಕೊಳ್ಳತ್ತೆ, ಬಿಗಿ ಮಾಡಿದ್ರೆ ಹೊಟ್ಟೆ ಒತ್ತತ್ತೆ, ಕೂಸು ಉಸಿರಾಡೋದು ಹೊಟ್ಟೆಯಲ್ಲೇ ಅಲ್ವಾ. ಮೇಲಂಚು ಕಿವಿ ಕೆಳಗೇ ನಿಲ್ಲಬೇಕು. ರಾಗಿ ತುಂಬಿದ 1.8 ಕೆಜಿ ಗೊಂಬೆ ಕಟ್ಕೊಂಡು ನಾದಿನಿ ಮಹಡಿ ಮೆಟ್ಲು ಹತ್ತಿ ಇಳಿದ್ರೆ ಹೊಸ ಬಟ್ಟೆಯಲ್ಲಿ ಸರಿಯಾಗೇ ಇರ್ತಿತ್ತು, ಒಗೆದ ಮೇಲೆ ನಾಲ್ಕು ಬೆರಳು ಕೆಳಗೆ. "ಅತ್ತಿಗೆ, ಮಗು ಹೊಕ್ಕಳ ಹತ್ರ ಬಂತು ನೋಡಿ" ಅಂತ ಕೂಗೋಳು. ವೆಲ್ಕ್ರೋ ಹಾಕಿದ್ರೆ ದಾರದ ಚೂರು ತುಂಬ್ಕೊಂಡು ಅದರ ಹಿಡಿತವೇ ಹೋಯ್ತು.

ಭಾರ ಹೊರೋದೂ ಒತ್ತಿ ಹಿಡಿಯೋದೂ ಒಂದೇ ಹೊಸಿಯರಿ (ಬನಿಯನ್ ಥರ ಹಿಗ್ಗೋ) ಬಟ್ಟೆ ಮಾಡ್ಬೇಕಾಗಿತ್ತು, ತೊಂದರೆ ಇದ್ದಿದ್ದು ಅಲ್ಲೇ. ಈಗ ಕೂಸಿನ ಕುಂಡಿ ಕೆಳಗೆ ಹಿಗ್ಗದೇ ಇರೋ ಎರಡಿಂಚು ಕಾಟನ್ ಬೆಲ್ಟ್ ಅಡ್ಡ ಹೊಲಿದು, ಬೆನ್ನಲ್ಲಿ ಕ್ರಾಸ್ ಮಾಡಿ, ಪಕ್ಕದಲ್ಲಿ ಒಂದೇ ಕೈಲಿ ಬಿಚ್ಚೋ ಥರ ಬಕಲ್ ಕೊಟ್ಟಿದೀನಿ. ಭಾರ ಎಲ್ಲಾ ಬೆಲ್ಟ್ ಮೇಲೆ, ಹೊಸಿಯರಿ ಬರೀ ಅಪ್ಪಿ ಹಿಡಿಯತ್ತೆ. ಒಗೆದು ಒಣಗಿಸಿ ಮತ್ತೆ ಮೆಟ್ಲು ಹತ್ತಿಸಿದ್ರೂ ರಾಗಿ ಗೊಂಬೆ ಅಲ್ಲಾಡ್ಲಿಲ್ಲ! ಬೆಲ್ಟ್ ಉದ್ದ ಬಿಟ್ಟಿದೀನಿ, ಅಪ್ಪಂದಿರೂ ಕಟ್ಕೋಬೇಕು ಅಂತ. ಆಸ್ಪತ್ರೆಯಲ್ಲಿ ಮಾಡ್ತಾರೆ, ಮನೆಗೆ ಬಂದ್ಮೇಲೆ ನೆಂಟರ ಮುಂದೆ ನಾಚ್ಕೊಂಡು ಕಟ್ಕೊಳ್ಳೋದೇ ನಿಲ್ಲಿಸ್ತಾರೆ ಅಂತ ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಹೇಳ್ತಾನೇ ಇದ್ರು, ಕೂಸು ಹುಟ್ಟಿದ 3, 7, 14ನೇ ದಿನ ಅಂತ 42ರವರೆಗೂ ಮನೆಗೆ ಬಂದು ನೋಡೋರು ಅವರೇ. ನಿಜವಾದ ಕೂಸಿಗೆ ಕಟ್ಟೋದು ಮಾತ್ರ ನರ್ಸ್ ನೋಡಿ ಒಪ್ಪಿದ ಮೇಲೇ.

ಬಟ್ಟೆ ಅಂಗಡಿಯವರ ಮೇಲೆ ಕೋಪ ಇನ್ನೂ ಇಳಿದಿಲ್ಲ. ಪ್ಯೂರ್ ಕಾಟನ್ ಅಂತ ಕೊಟ್ಟಿದ್ದರ ಒಂದೆಳೆ ಸುಟ್ಟು ನೋಡಿದ್ರೆ ಬೂದಿ ಬರ್ಲಿಲ್ಲ, ಕರಗಿ ಕರೀ ಮಣಿ ಆಯ್ತು. ಕೂಸಿನ ಮೈಗೆ ಪಾಲಿಯೆಸ್ಟರಾ?

ಮುಂದೆ ಟೋಪಿ, ಉಳಿದ ಚೂರುಗಳಲ್ಲೇ, ಯಾಕಂದ್ರೆ ಕೂಸಿನ ಶಾಖ ತಲೆಯಿಂದ ತುಂಬಾ ಹೋಗತ್ತೆ. ಟೋಪಿ ಜೊತೆ ಒಂದು ಚೀಟಿನೂ ಇಡೋಣ ಅಂತ, ಹುಟ್ಟಿದ ಮೇಲೆ ಕಮ್ಮಿ ಅಂದ್ರೂ 24 ಗಂಟೆ ಸ್ನಾನ ಮಾಡಿಸ್ಬೇಡಿ ಅಂತ ಅಜ್ಜಿಯಂದಿರಿಗೆ. ತುಮಕೂರಲ್ಲಿ ಸುಟ್ರೆ ಬೂದಿಯಾಗೋ ಹೊಸಿಯರಿ ಯಾರ ಹತ್ರ ಸಿಗತ್ತೆ, ಗೊತ್ತಿದ್ರೆ ಹೇಳಿ, ಈ ವಾರವೇ ಕಟಿಂಗ್ ಶುರು ಮಾಡ್ಬೇಕು.