ಗ್ರೆಪ್ ಕೈಬಿಟ್ಟದ್ದು, ಪೋಸ್ಟ್‌ಗ್ರೆಸ್ ಉಳಿಸಿಕೊಂಡದ್ದು

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ವ್ಯವಸ್ಥೆಯ ಒಂದು ಸೌಕರ್ಯ ನನಗೆ ಬಹಳ ಇಷ್ಟ. ಆಜ್ಞೆಗಳನ್ನು ಬರೆದು ನಡೆಸುವ ಶೆಲ್‌ನಲ್ಲಿ ಪಿಜಿಹೋಸ್ಟ್, ಪಿಜಿಯೂಸರ್, ಪಿಜಿಡೇಟಾಬೇಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಶೆಲ್ ತಾನು ನಡೆಸುವ ಪ್ರೋಗ್ರಾಮ್‌ಗಳಿಗೆ ದಾಟಿಸುವ ಹೆಸರು-ಮೌಲ್ಯಗಳು, ಒಟ್ಟಾಗಿ ‘ಪರಿಸರ’) ಎಕ್ಸ್‌ಪೋರ್ಟ್ ಮಾಡಿಟ್ಟರೆ, ಬರೀ ‘ಪಿಎಸ್‌ಕ್ಯುಎಲ್’ ಎಂದು ಬರೆದು ಎಂಟರ್ ಒತ್ತಿದರೂ ಬೇಕಾದ ಡೇಟಾಬೇಸ್ ತೆರೆದುಕೊಳ್ಳುತ್ತದೆ. ಬ್ಯಾಕಪ್ ತೆಗೆಯುವ ಪಿಜಿ-ಡಂಪ್ ಕೂಡ ಅವನ್ನೇ ಓದುತ್ತದೆ. ಪೋರ್ಟ್ ಹೇಳದಿದ್ದರೆ ಸಾಮಾನ್ಯವಾಗಿ 5432. ಬೇರೆ ಸರ್ವರ್ ಬೇಕೆಂದಾಗ ಆಜ್ಞೆಯಲ್ಲೇ ಹೋಸ್ಟ್ ಕೊಟ್ಟರೆ ಅದೇ ಗೆಲ್ಲುತ್ತದೆ. ಆಜ್ಞೆಯ ಸಾಲು ಮೊದಲು, ಆಮೇಲೆ ಪರಿಸರ, ಕೊನೆಗೆ ಪ್ರೋಗ್ರಾಮಿನೊಳಗಿನ ಮೌಲ್ಯ: ಈ ಕ್ರಮ ಯಾವ ಟೂಲ್‌ನಲ್ಲೂ ತಪ್ಪಬಾರದು.

ಕಡತಗಳಲ್ಲಿ ಪಠ್ಯ ಹುಡುಕುವ ಗ್ನೂ ಗ್ರೆಪ್‌ನ ಕಥೆ ಬೇರೆ. ‘ಗ್ರೆಪ್ ಆಪ್ಷನ್ಸ್’ ವೇರಿಯಬಲ್‌ನಲ್ಲಿ ಯಾವ ಆಯ್ಕೆಯನ್ನಾದರೂ ತುಂಬಿಡಬಹುದಿತ್ತು. ಒಬ್ಬರು ಅದರಲ್ಲಿ ‘ಬಣ್ಣ ಯಾವಾಗಲೂ ಇರಲಿ’ ಎಂದು ಬರೆದಿಟ್ಟರೆನ್ನಿ. ಇನ್ನಾರೋ ಬರೆದ ಸ್ಕ್ರಿಪ್ಟ್ ಗ್ರೆಪ್ ಕೊಟ್ಟ ಕಡತದ ಹೆಸರನ್ನು ಮುಂದಿನ ಆಜ್ಞೆಗೆ ದಾಟಿಸುವಾಗ, ಹೆಸರಿನ ಜೊತೆ ಬಣ್ಣದ ಸಂಕೇತಗಳೂ ಅಂಟಿಕೊಂಡು ಹೋಗುತ್ತವೆ, ಕಡತ ಸಿಗುವುದಿಲ್ಲ. ಬರೆದವರ ಯಂತ್ರದಲ್ಲಿ ಎಲ್ಲವೂ ಸರಿ! 2014ರ 2.21ನೇ ಆವೃತ್ತಿ ಇದನ್ನು ಬಳಸಬೇಡಿ ಎಂದು ಎಚ್ಚರಿಸತೊಡಗಿತು, 2020ರ 3.6 ಪೂರ್ತಿ ಕೈಬಿಟ್ಟಿತು. ಸರಿಯಾದ ನಿರ್ಧಾರ.

ಎಲ್ಲಿಗೆ ಹೋಗಬೇಕು, ಯಾರ ಹೆಸರಿನಲ್ಲಿ ಎಂಬುದನ್ನು ಪರಿಸರ ಹೇಳಲಿ. ಫಲಿತಾಂಶದ ರೂಪವನ್ನೇ ಬದಲಿಸುವ ಹಕ್ಕು ಅದಕ್ಕೆ ಬೇಡ. ಪಠ್ಯವನ್ನು ಪರದೆ ಪರದೆಯಾಗಿ ತೋರಿಸುವ, ತನ್ನ ಆಯ್ಕೆಗಳನ್ನು ಪರಿಸರದಿಂದಲೂ ಓದುವ ‘ಲೆಸ್’ ಇದಕ್ಕೆ ಹೊರತು. ಅದರ ಪರದೆಯನ್ನು ಓದುವುದು ಮನುಷ್ಯರು, ಸ್ಕ್ರಿಪ್ಟ್ ಅಲ್ಲ.

ಆಜ್ಞೆಯ ಸಾಲಿನ ಆಯ್ಕೆಗಳನ್ನು ಓದಿಕೊಡುವ ಪೈಥಾನ್‌ನ ಆರ್ಗ್‌ಪಾರ್ಸ್ ಲೈಬ್ರರಿಯಲ್ಲಿ ಟೂಲ್ ಬರೆಯುವವರು ಒಂದೆರಡು ಕಡೆ ಕಣ್ಣಿಡಬೇಕು. ಪರಿಸರದಿಂದ ಓದಿ ಡೀಫಾಲ್ಟ್ ಆಗಿ ಕೊಟ್ಟ ಪಠ್ಯವನ್ನು, ಟೈಪ್ ಸಂಖ್ಯೆ ಎಂದಿದ್ದರೆ, ಅದು ಸಂಖ್ಯೆಯಾಗಿ ಪರಿವರ್ತಿಸಿಕೊಡುತ್ತದೆ, ಆದರೆ ಆ ಮೌಲ್ಯ ಒಪ್ಪಬಹುದಾದ ಮೌಲ್ಯಗಳ ‘ಚಾಯ್ಸಸ್’ ಪಟ್ಟಿಯಲ್ಲಿದೆಯೇ ಎಂದು ನೋಡುವುದಿಲ್ಲ. ಆ ತಪಾಸಣೆಯನ್ನು ನಾವೇ ಬರೆಯಬೇಕು. ಹೌದು-ಇಲ್ಲ ಆಯ್ಕೆಗಳಲ್ಲಿ ಇನ್ನೂ ಜಾಗ್ರತೆ ಬೇಕು: ‘ಫಾಲ್ಸ್’ ಎಂಬ ಪಠ್ಯವನ್ನು ಬೂಲ್‌ಗೆ ಕೊಟ್ಟರೆ ಬರುವ ಉತ್ತರ ‘ಟ್ರೂ’, ಏಕೆಂದರೆ ಅದು ಖಾಲಿ ಪಠ್ಯವಲ್ಲ. ವೇರಿಯಬಲ್‌ನ ಹೆಸರು ಸಹಾಯ ಪಠ್ಯದಲ್ಲಿ ಕಾಣಲೇಬೇಕು. ಇದೇ ಕೆಲಸದ ಇನ್ನೊಂದು ಪೈಥಾನ್ ಲೈಬ್ರರಿ ಕ್ಲಿಕ್‌ನಲ್ಲಿ ‘ಷೋ ಎನ್ವ್‌ವಾರ್’ ಎಂದರೆ ಆ ಕೆಲಸ ಮುಗಿಯಿತು. ಹೆಸರಿಗೆ ಟೂಲ್‌ನದೇ ಪೂರ್ವಪದವಿರಲಿ. ಬರೀ ‘ಹೋಸ್ಟ್’, ‘ಯೂಸರ್’ ಎಂಬವನ್ನು ಬೇರೆಯವರು ಈಗಾಗಲೇ ಬಳಸುತ್ತಿರುತ್ತಾರೆ.

ಪಾಸ್‌ವರ್ಡ್ ಮಾತ್ರ ಇಲ್ಲಿ ಬೇಡ. ಪಿಜಿಪಾಸ್‌ವರ್ಡ್ ಎಂಬ ವೇರಿಯಬಲ್ ಇದೆ ನಿಜ, ಆದರೆ ಕೆಲವು ವ್ಯವಸ್ಥೆಗಳಲ್ಲಿ ಇತರ ಬಳಕೆದಾರರೂ, ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ತೋರಿಸುವ ‘ಪಿಎಸ್’ ಆಜ್ಞೆಯಿಂದ ಅದನ್ನು ಓದಬಲ್ಲರು. ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಅದನ್ನು ಬಳಸಬೇಡಿ ಎನ್ನುತ್ತದೆ. ಹೋಮ್ ಡೈರೆಕ್ಟರಿಯ ಪಿಜಿಪಾಸ್ ಕಡತದಲ್ಲಿ ಬರೆದು ಅನುಮತಿಯನ್ನು 0600 (ಮಾಲೀಕರಷ್ಟೇ ಓದಿ ಬರೆಯುವಂತೆ) ಮಾಡಿ. ಅದಕ್ಕಿಂತ ಸಡಿಲವಾಗಿದ್ದರೆ ಯೂನಿಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ಆ ಕಡತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.